ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಬಾ

ನಮ್ಮ ಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರು ಕಾರಿನ ಬಗ್ಗೆ ಮಾತಾಡುವುದನ್ನು ಕೇಳಿದ ಯಾರೂ ಇದನ್ನು ನಂಬುವುದಿಲ್ಲ. ಕಾರು ಹಾಗಿರಲಿ, ಸ್ಕೂಟರ್ ಕೂಡ ಬರುವುದಿಲ್ಲ. ಸೈಕಲ್ ಬರುತ್ತದಂತೆ, ನಾನು ನೋಡಿಲ್ಲ. ಆದರೆ ನಮ್ಮ ಓಣಿಯಲ್ಲಿ ಯಾವ ಗಾಡಿ ಹಿಂದಕ್ಕೆ ಬರುತ್ತಿದ್ದರೂ, ಅದು ಹಾಲಿನ ವ್ಯಾನಾಗಲಿ, ಯಾರದೋ ಮನೆಗೆ ಬೀರು ತಂದ ಲಾರಿಯಾಗಲಿ, ಅದರ ಬೆನ್ನಿಗೆ ನಮ್ಮ ಮಾವ ಹಾಜರ್. ಓದುತ್ತಿದ್ದ ಪೇಪರನ್ನು ಕುರ್ಚಿಯ ಮೇಲೆ ಎಸೆದು, ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಇನ್ನೊಂದನ್ನು ಮರೆತು ಓಡುತ್ತಾರೆ. "ಬರ್ಲಿ, ಬರ್ಲಿ, ಬರ್ಲಿ, ಬರ್ಲಿ..." ಆ ದನಿ ಓಣಿಯ ಆ ಕೊನೆಗೂ ಕೇಳಬೇಕು. ಓಣಿಯ ಮಕ್ಕಳು ಅವರನ್ನು ಬರ್ಲಿ ತಾತ ಎಂದೇ ಕರೆಯುತ್ತವೆ. ಅವರಿಗೆ ಅದು ಬಿರುದು ಸಿಕ್ಕಷ್ಟು ಖುಷಿ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಹೆಚ್ಚುಕಡಿಮೆ ಒಂದೇ ರೂಟು, ಒಬ್ಬನೇ ಡ್ರೈವರ್. ಆ ಡ್ರೈವರ್‌ಗೆ ನಮ್ಮ ಮನೆಯಲ್ಲಿ 'ಮೀಸೆ' ಎಂದೇ ಹೆಸರು. ನಿಜವಾದ ಹೆಸರು ಅತ್ತೆಗೂ ಗೊತ್ತಿಲ್ಲ. ಅವರ ರೂಟಿನ ಕೊನೆಯ ನಿಲ್ದಾಣದಲ್ಲಿ ಬಸ್ ತಿರುಗಿಸಲು ಜಾಗವಿರಲಿಲ್ಲ. ಎರಡು ಗೋದಾಮುಗಳ ನಡುವಿನ ಸಂದಿಗೆ ಬಸ್ಸನ್ನು ಹಿಂದಕ್ಕೆ ತೂರಿಸಿ, ಮೂತಿ ತಿರುಗಿಸಿಕೊಂಡು ಈಚೆ ಬರಬೇಕು. ಮಾವ ಇಳಿದು ಬಸ್ಸಿನ ಹಿಂದೆ ನಿಂತು ಬರ್ಲಿ ಎನ್ನಬೇಕು, ತಗಡಿಗೆ ಅಂಗೈಯಿಂದ ಬಡಿಯಬೇಕು. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಬಾ. ಕಂಡಕ್ಟರ್ ಸೀಟಿಯ ಲೆಕ್ಕವೇ ಅದು. ಒಂದು ಸೀಟಿಗೆ ಬಸ್ ನಿಲ್ಲುತ್ತದೆ, ಎರಡು ಸೀಟಿಗೆ ಹೊರಡುತ್ತದೆ.

ಈ ಕಥೆಯನ್ನು ಮಾವ ಊಟಕ್ಕೆ ಕೂತಾಗ, ಏಳುವಾಗ, ಯಾರಾದರೂ ಬಂದಾಗ, ಯಾರೂ ಬರದಾಗ ಹೇಳುತ್ತಾರೆ. ಕಥೆಯ ಕೊನೆಗೆ ಮೀಸೆಯ ಅಣಕು ಇದ್ದೇ ಇರುತ್ತದೆ. "ಗಾಡಿ ನಿಂತ ಮೇಲೆ ಎರಡೂ ಅಂಗೈನ ಪ್ಯಾಂಟಿಗೆ ಹೀಗೆ ಒರೆಸ್ಕೊಳ್ಳೋನು ನೋಡು, ಹೀಗೆ," ಎಂದು ತಮ್ಮ ತೊಡೆಗೆ ಕೈ ಉಜ್ಜಿ ತೋರಿಸುತ್ತಾರೆ. "ದಿನಾ ಅದೇ ಸಂದಿ, ದಿನಾ ಅದೇ ಬಸ್ಸು, ಆದ್ರೂ ದಿನಾ ಬೆವರು! ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೇನೋ ಬಡ್ಕೊಳ್ಳೋನು. ಇಂಜಿನ್ ಸದ್ದಲ್ಲಿ ಯಾರಿಗೆ ಕೇಳುತ್ತೆ? ನಾನು ಎರಡು ಬಡಿದುಬಿಡ್ತಿದ್ದೆ. ಬರ್ಲೇಬೇಕು. ಇಷ್ಟುದ್ದ ಮೀಸೆ, ಇಷ್ಟೇ ಇಷ್ಟು ಗುಂಡಿಗೆ."

ನನ್ನ ಗ್ರಹಚಾರಕ್ಕೆ ನಾನು ಕಾರು ಕಲಿತೆ. ನನ್ನ ಗಂಡ ಕಲಿಯಬೇಕಿತ್ತು. ಕಲಿಯಲು ಹೋಗಿ, ಕೆಲವೇ ದಿನಕ್ಕೆ ಕೈಬಿಟ್ಟರು. ಕಾರಣ ಕೇಳಬೇಡಿ, ಕಾರಣ ಕಾರಿನ ಹಿಂದೆ ನಿಂತಿತ್ತು. ಅವರು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಮನೆಯಲ್ಲಿ ಎಚ್ಚರವಾಗಿರುವ ಹೊತ್ತೇ ಕಡಿಮೆ. "ಅಪ್ಪನ ವಿಷಯ ನೀನೇ ನೋಡ್ಕೋ, ನನ್ನ ಮಾತು ಎಲ್ಲಿ ಕೇಳ್ತಾರೆ?" ಎಂದು ಹೇಳಿ ಜಾರಿಕೊಂಡರು. ನನ್ನ ಮಾತು ಕೇಳುತ್ತಾರೆಂದು ಇವರಿಗೆ ಯಾರು ಹೇಳಿದರೋ.

ನಮ್ಮ ಮನೆಯ ಎಡಕ್ಕೆ ಅಂಟಿಕೊಂಡ ಹಾಗೆ ಒಂದು ಗ್ಯಾರೇಜ್ ಇದೆ. ಹೆಸರಿಗೆ ಗ್ಯಾರೇಜ್, ನೋಡಿದರೆ ಶಟರ್ ಹಾಕಿದ ಸುರಂಗ. ಕಾರಿನ ಎರಡು ಬಾಗಿಲನ್ನೂ ಒಟ್ಟಿಗೆ ತೆಗೆಯಲು ಆಗದಷ್ಟು ಕಿರಿದು. ಮೂತಿ ಮುಂದಾಗಿ ನುಗ್ಗಿಸಿದರೆ ಬೆಳಗ್ಗೆ ಕುರುಡಾಗಿ ಓಣಿಗೆ ಹಿಂದಕ್ಕೆ ಬರಬೇಕು. ಅಲ್ಲಿ ಸೈಕಲ್ಲುಗಳು, ಶಾಲೆಯ ಮಕ್ಕಳು, ಯಾರದೋ ಬೆಕ್ಕು. ಹಾಗಾಗಿ ಸಂಜೆಯೇ ಹಿಂದಕ್ಕೆ ಬಿಟ್ಟು ನಿಲ್ಲಿಸುವುದು ಜಾಣತನ. ನನ್ನ ಲೆಕ್ಕ ಸರಳವಾಗಿತ್ತು. ಬಲಗನ್ನಡಿಯಲ್ಲಿ ಗ್ಯಾರೇಜಿನ ಬಾಯಲ್ಲಿರುವ ನಲ್ಲಿ ಕಾಣಬೇಕು, ಎಡಗನ್ನಡಿಯಲ್ಲಿ ಮನೆಯೊಳಗೆ ಹೋಗುವ ಬಾಗಿಲಿನ ಹೊಸ್ತಿಲು ಕಾಣಬೇಕು. ಎರಡೂ ಕಾಣುತ್ತಿದ್ದರೆ ಕಾರು ನೆಟ್ಟಗಿದೆ ಎಂದರ್ಥ. ಕೊನೆಯಲ್ಲಿ ಗೋಡೆಗೆ ತಾಗದಿರಲೆಂದು ಹಳೆಯ ಹಾಸಿಗೆಯೊಂದನ್ನು ಸುರುಳಿ ಸುತ್ತಿ ಒರಗಿಸಿಟ್ಟಿದ್ದೆ. ಮೆಲ್ಲಗೆ ಬಂದರೆ ಸಾಕು, ಯಾರ ಸಹಾಯವೂ ಬೇಡ.

ಆದರೆ ಯಾರ ಸಹಾಯವೂ ಬೇಡ ಎನ್ನುವ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಾನು ಓಣಿಗೆ ತಿರುಗಿದ ಸದ್ದಿಗೇ ಮಾವ ಶಟರ್ ಎತ್ತಿ, ಗ್ಯಾರೇಜಿನ ಒಳಗೆ, ಕಾರು ಬರಬೇಕಾದ ದಾರಿಯ ನಟ್ಟನಡುವೆ ನಿಂತಿರುತ್ತಾರೆ. ಮಾವ ಮೊದಲೇ ಕುಳ್ಳು. ಸಾಲದ್ದಕ್ಕೆ ಬಂಪರ್‌ಗೂ ಗೋಡೆಗೂ ಎಷ್ಟು ಜಾಗವಿದೆ ಎಂದು ಬಗ್ಗಿ ನೋಡುತ್ತಾರೆ. ಒಳಗೆ ಕತ್ತಲೆ. ಕನ್ನಡಿಯಲ್ಲಿ ಮಾವ ಇಲ್ಲ, ಹಿಂದಿನ ಗಾಜಿನಲ್ಲಿ ಮಾವ ಇಲ್ಲ, ಬರ್ಲಿ ಬರ್ಲಿ ಎನ್ನುವ ದನಿ ಮಾತ್ರ ಇದೆ.

"ಮಾವ, ಪಕ್ಕಕ್ಕೆ ನಿಂತ್ಕೊಳ್ಳಿ, ಕಾಣ್ತಿಲ್ಲ!"

"ನಾನ್ಯಾಕೆ ಕಾಣ್ಬೇಕು? ನನ್ನ ಮಾತು ಕೇಳಿದ್ರೆ ಸಾಕು. ಬರ್ಲಿ!"

ಮೊದಮೊದಲು ಅವರು ಡಿಕ್ಕಿಗೆ ಟಪ್ ಟಪ್ ಎಂದು ಬಡಿದಾಗ ನಾನು ಜೀವ ಕೈಯಲ್ಲಿ ಹಿಡಿದು ಬ್ರೇಕ್ ಹಾಕುತ್ತಿದ್ದೆ. ಹಿಂದಿನಿಂದ ಯಾರಾದರೂ ಗಾಡಿಗೆ ಬಡಿದರೆ ಯಾರೇ ಆಗಲಿ ನಿಲ್ಲಿಸುತ್ತಾರೆ. ಊರಿಗೆಲ್ಲ ಒಂದು ದಾರಿಯಾದರೆ ನಮ್ಮ ಮಾವನಿಗೇ ಒಂದು ದಾರಿ. "ಎರಡು ಬಡಿದೆ ಕಣಮ್ಮ, ಎರಡು! ಎರಡು ಅಂದ್ರೆ ಬಾ ಅಂತ. ಅಷ್ಟೂ ಗೊತ್ತಾಗಲ್ವಾ?" ಎಂದು ಬೈದು, ನನ್ನನ್ನು ಸೀಟಿನಲ್ಲಿ ಕೂರಿಸಿ, ಹಿಂದೆ ನಿಂತು ಬಡಿದು ಬಡಿದು ಪಾಠ ಮಾಡಿದರು. ಒಂದಕ್ಕೆ ಬ್ರೇಕ್, ಎರಡಕ್ಕೆ ಹಿಂದೆ. ಪುಣ್ಯಕ್ಕೆ ನಾನು ಕಲಿತೆ. ಪುಣ್ಯಕ್ಕೆ ಅಂತ ಯಾಕೆ ಅಂದೆನೋ, ಅದೇ ಮುಂದೆ ಮುಳುವಾಯಿತು.

ನನ್ನ ಬುದ್ಧಿಗೆ ತೋಚಿದ್ದನ್ನೆಲ್ಲ ಮಾಡಿ ನೋಡಿದ್ದೇನೆ. ಗಾಡಿಯ ಹಿಂದೆ ಏನಾದರೂ ಅಡ್ಡ ಬಂದರೆ ಕೀಂ ಕೀಂ ಎಂದು ಕೂಗುವ ಸೆನ್ಸರ್ ಹಾಕಿಸಿದೆ. ಹಿಂದೆ ಸದಾ ಮಾವ ಇರುವುದರಿಂದ ಅದು ಸದಾ ಕೂಗುತ್ತಿತ್ತು. ಗೋಡೆ ಹತ್ತಿರ ಬಂದಾಗಲೂ ಅದೇ ಕೂಗು, ದೂರವಿದ್ದಾಗಲೂ ಅದೇ ಕೂಗು. ಮಾವನಿಗೆ ಬೇರೆ ಅವಮಾನ. "ಇದೇನಿದು, ನಾನು ಮಾತಾಡ್ತಾ ಇದ್ರೆ ಅಡ್ಡ ಬಾಯಿ ಹಾಕುತ್ತೆ?" ಎಂದು ಅದಕ್ಕಿಂತ ಜೋರಾಗಿ ಕೂಗತೊಡಗಿದರು. ದಿನವೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡಿ ಸುಸ್ತಾಗಿ ಬರುವ ನಾನು, ಮನೆಯ ಬಾಗಿಲಲ್ಲಿ ಈ ಜುಗಲ್‌ಬಂದಿ ಕೇಳಬೇಕು. "ಊರೋರ ಕಣ್ಣೆಲ್ಲ ನೋಡ್ತೀಯ, ನಿನ್ನ ಹಿಂದಿರೋ ಮಾವ ಕಾಣಲ್ಲ ಅಂತೀಯಲ್ಲ" ಎಂದು ಮೇಲಿಂದ ಚುಚ್ಚು ಮಾತು.

ಒಂದು ದಿನ ತಾಳ್ಮೆಗೆಟ್ಟು ಕೇಳಿಯೇಬಿಟ್ಟೆ. "ಅಲ್ಲ ಮಾವ, ಅಷ್ಟು ಜಾಗ ಇದೆ, ನಲ್ಲಿ ಹತ್ರ ನಿಂತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ? ನಡುವೇನೇ ಯಾಕೆ ನಿಲ್ಬೇಕು?"

ಅವರು ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದರು. "ನಾನು ಹಿಂದೆ ಇದ್ದೀನಿ ಅಂತ ಗೊತ್ತಿದ್ರೆ ನೀನು ಹುಷಾರಾಗಿ ಬರ್ತೀಯ. ಪಕ್ಕಕ್ಕೆ ನಿಂತ್ರೆ ನಿನಗೇನು ಭಯ? ಗೋಡೆ ತಾನೆ ಅಂತ ಗುದ್ದಿಬಿಡ್ತೀಯ."

ಇಂಥ ತರ್ಕಕ್ಕೆ ಏನು ಉತ್ತರ ಕೊಡುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನೋಣವೆಂದರೆ ಕೋಣ ಕೊನೆಗೆ ಸುಮ್ಮನಾದರೂ ಇರುತ್ತದೆ. ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅಷ್ಟರಲ್ಲಿ ಅತ್ತೆ ಬಿದ್ದರು. ಮನೆಯ ಮುಂದಿನ ಮೆಟ್ಟಿಲುಗಳು ಕಡಿದಾದವು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಒಣಗಿದ ಬಟ್ಟೆ ಎತ್ತಿಕೊಂಡು ಇಳಿಯುವಾಗ ಜಾರಿ ಸೊಂಟದ ಕೀಲು ಮುರಿಯಿತು. ಆಪರೇಷನ್ ಮಾಡಿ ಹೊಸ ಕೀಲು ಹಾಕಿದರು. ಅತ್ತೆ ಗಟ್ಟಿ ಹೆಂಗಸು, ಮೂರನೆಯ ದಿನವೇ ನರ್ಸಮ್ಮನ ಜೊತೆ ಜಗಳಕ್ಕೆ ನಿಂತರು. ಆದರೆ ಮನೆಗೆ ಕಳಿಸುವ ಮುನ್ನ ನರ್ಸಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು: ಮೆಟ್ಟಿಲು ಹತ್ತಿಸಲೇಬಾರದು. ಕಾರಿನಲ್ಲಿ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಒರಗಿಸಿ ಕೂರಿಸಬೇಕು. ಕಾಲು ಮಡಚುವ ಹಾಗಿಲ್ಲ, ತಿರುಚುವ ಹಾಗಿಲ್ಲ. ಒಂದು ಕುಲುಕಿಗೆ ಕೀಲು ಕಳಚಿದರೆ ಮತ್ತೆ ಆಪರೇಷನ್.

ಮೆಟ್ಟಿಲಿಲ್ಲದೆ ಮನೆಯೊಳಗೆ ಹೋಗಲು ನಮಗಿರುವುದು ಒಂದೇ ದಾರಿ, ಗ್ಯಾರೇಜಿನ ಒಳಬಾಗಿಲು. ಅತ್ತೆ ಕೂರುವ ಎಡಬದಿಯ ಮುಂದಿನ ಬಾಗಿಲು ಆ ಹೊಸ್ತಿಲಿಗೆ ಎದುರಾಗಬೇಕೆಂದರೆ ಕಾರು ಹಿಂದಕ್ಕೇ ಬರಬೇಕು. ಅದೂ ಬಲಗೋಡೆಯ ಕಡೆ ನಾನು ನುಸುಳಿ ಇಳಿಯುವಷ್ಟೇ ಸಂದಿ ಇಟ್ಟು, ಎಡಕ್ಕೆ ವಾಕರ್ ಇಡುವಷ್ಟು ಜಾಗ ಬಿಟ್ಟು, ಒಂದು ಕುಲುಕೂ ಇಲ್ಲದೆ. ನಾನು ಅಭ್ಯಾಸಕ್ಕೆ ಶುರುಮಾಡಿದೆ. ಅಂಗಡಿಯಿಂದ ಬಂದವಳೇ ಒಳಗೆ, ಹೊರಗೆ, ಒಳಗೆ, ಹೊರಗೆ. ಹಿಂದೆ ಮಾವ: ಬರ್ಲಿ, ಬರ್ಲಿ.

ಆ ಸಂಜೆ ನಾನು ಎಂದಿಗಿಂತ ಚೆನ್ನಾಗಿ ಬರುತ್ತಿದ್ದೆ. ಬಲಕ್ಕೆ ನಲ್ಲಿ, ಎಡಕ್ಕೆ ಹೊಸ್ತಿಲು. ಸೆನ್ಸರ್ ತನ್ನ ಪಾಡಿಗೆ ಕಿರುಚುತ್ತಿತ್ತು. ಬರ್ಲಿ ಬರ್ಲಿ ಎನ್ನುವ ದನಿ ಇದ್ದಕ್ಕಿದ್ದಂತೆ ನಿಂತಿತು. ನಾನು ಬ್ರೇಕ್ ಮೇಲೆ ಕಾಲಿಟ್ಟೆ. ಆಗ ಕೇಳಿಸಿತು, ಟಪ್ ಟಪ್. ಎರಡು. ಸರಿ, ಇನ್ನೂ ಜಾಗವಿದೆ ಎಂದುಕೊಂಡು ಬ್ರೇಕ್ ಬಿಟ್ಟೆ. ಮತ್ತೆ ಟಪ್ ಟಪ್. ಇನ್ನೂ ಸ್ವಲ್ಪ ಬಂದೆ. ಏನೋ ಮೆತ್ತಗೆ ಒತ್ತಿದ ಹಾಗಾಯಿತು, ಆಮೇಲೆ "ಅಮ್ಮಾ" ಎನ್ನುವ ಸಣ್ಣ ದನಿ.

ಎಂಜಿನ್ ಆರಿಸಿ ಓಡಿದೆ. ಬಂಪರ್‌ಗೂ ಹಾಸಿಗೆಯ ಸುರುಳಿಗೂ ನಡುವೆ ಮಾವ ಸಿಕ್ಕಿಕೊಂಡಿದ್ದರು. ಬಗ್ಗಿ ನೋಡುತ್ತಿದ್ದವರು ಏಳುವಷ್ಟರಲ್ಲಿ ಕಾರು ಮೊಣಕಾಲಿಗೆ ಬಂದಿತ್ತು, ಗಾಬರಿಯಲ್ಲಿ ಎರಡೂ ಕೈಯಿಂದ ಬಡಿದಿದ್ದರು. ಹಾಸಿಗೆ ಇಲ್ಲದಿದ್ದರೆ ಏನಾಗುತ್ತಿತ್ತೋ, ಇವತ್ತಿಗೂ ನೆನೆಸಿಕೊಳ್ಳಲು ಆಗುವುದಿಲ್ಲ. ಕಾರನ್ನು ಮುಂದಕ್ಕೆ ತೆಗೆದು, ಅವರನ್ನು ಎತ್ತಿ ಕೂರಿಸಿ, ಮೊಣಕಾಲಿಗೆ ಮುಲಾಮು ಹಚ್ಚತೊಡಗಿದೆ. ಕಾಲೆಲ್ಲ ನೀಲಿಗಟ್ಟಿತ್ತು. ಆಗ ಅವರು ಹೇಳಿದ ಮಾತು ಕೇಳಿ.

"ನಿಂದೇನೂ ತಪ್ಪಿಲ್ಲ ಕಣಮ್ಮ. ಒಂದು ಬಡಿಯೋ ಕಡೆ ಎರಡು ಬಡಿದುಬಿಟ್ಟೆ. ಎರಡು ಬಡಿದ್ರೆ ಬರಬೇಕು, ಬಂದೆ. ಡ್ರೈವರ್ ಅಂದ್ರೆ ಹೀಗಿರಬೇಕು. ಆ ಮೀಸೆ ಆಗಿದ್ರೆ ಅನುಮಾನ ಪಟ್ಟುಕೊಂಡು ನಿಲ್ಲಿಸಿಬಿಡ್ತಿದ್ದ."

ಅವರು ನನ್ನನ್ನು ಹೊಗಳುತ್ತಿದ್ದರು! ಗೋಡೆಗೆ ಒತ್ತಿ ಸಾಯಿಸಲು ಹೋದವಳಿಗೆ ಭೇಷ್ ಎನ್ನುತ್ತಿದ್ದರು. ನಗಬೇಕೋ ಅಳಬೇಕೋ ಗೊತ್ತಾಗದೆ ಮುಲಾಮಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಇನ್ನು ಮೇಲೆ ಕಾರಿನ ಹಿಂದೆ ನಿಲ್ಲಬಾರದೆಂದು ಒಳಗಿನಿಂದಲೇ ಕೂಗಿದೆ. "ಆಯ್ತು ಆಯ್ತು" ಎಂದರು. ಅವರ ಆಯ್ತು ಆಯ್ತು ಎಂದರೆ ಏನೆಂದು ನನಗೆ ಗೊತ್ತಿತ್ತು.

ಅತ್ತೆಯನ್ನು ಕರೆತರುವ ದಿನ ಮಧ್ಯಾಹ್ನ. ಅತ್ತೆ ಮುಂದಿನ ಸೀಟಿನಲ್ಲಿ ಒರಗಿ, ಎರಡು ದಿಂಬಿನ ನಡುವೆ, ಹಲ್ಲು ಕಚ್ಚಿ ಕೂತಿದ್ದರು. ಪ್ರತಿ ಹಳ್ಳಕ್ಕೂ ಅವರ ಬಾಯಿಂದ ಉಸಿರು ಸುಯ್ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಮಾವ. ದಾರಿಯುದ್ದಕ್ಕೂ ಹೆಂಡತಿಯ ತಲೆಯನ್ನೇ ನೋಡುತ್ತಿದ್ದರು. ನನಗೆ ಸ್ವಲ್ಪ ಸಮಾಧಾನವಾಯಿತು. ಓಣಿಗೆ ತಿರುಗಿ, ಗ್ಯಾರೇಜಿನ ಮುಂದೆ ದಾಟಿ, ರಿವರ್ಸ್ ಹಾಕಲು ನಿಲ್ಲಿಸಿದೆ ನೋಡಿ, ಹಿಂದಿನ ಬಾಗಿಲು ಧಡಾರ್ ಎಂದಿತು. ಶಟರ್ ಎತ್ತುವ ಸದ್ದು. ಕುಂಟುತ್ತ ಹೋಗಿ ಕತ್ತಲಲ್ಲಿ ಮಾಯ. "ಬರ್ಲಿ!"

ಮೈಯೆಲ್ಲ ಉರಿದುಹೋಯಿತು. ಎಂಜಿನ್ ಆರಿಸಿದೆ.

"ಮಾವ, ನೀವು ಈಚೆ ಬರೋ ತನಕ ಗಾಡಿ ಅಲ್ಲಾಡಲ್ಲ."

ಟಪ್ ಟಪ್ ಎಂದು ಬಡಿಯಲು ಕಾರು ಇನ್ನೂ ಅವರ ಕೈಗೆ ಎಟುಕುತ್ತಿರಲಿಲ್ಲ. ಶಟರ್ ಜಾರುವ ಕಂಬಿಗೇ ಎರಡು ಬಡಿದರು. ಓಣಿಯಲ್ಲಿ ನಮ್ಮ ಹಿಂದೆ ಗ್ಯಾಸ್ ಸಿಲಿಂಡರ್ ಗಾಡಿ ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ನಾನು ಇಳಿದೆ. ಸೊಸೆಯಾಗಿ ಬಂದ ಮೇಲೆ ಮಾವನೆದುರು ಎಂದೂ ದನಿ ಎತ್ತಿದವಳಲ್ಲ. ಅವತ್ತು ಇಡೀ ಓಣಿ ಕಿಟಕಿಗೆ ಬರುವ ಹಾಗೆ ಕಿರುಚಿದೆ. "ನಿಮ್ಮನ್ನ ಗೋಡೆಗೆ ಅಂಟಿಸಿ ಅತ್ತೆನ ಮನೆ ತುಂಬಿಸ್ಕೊಳ್ಳಲಾ? ಅವರಿಗೆ ಕೀಲು ಹಾಕ್ಸಿದ್ದಾಯ್ತು, ನಿಮಗೂ ಹಾಕ್ಸಲಾ? ಬನ್ನಿ ಈಚೆ!"

ಮಾವ ಕತ್ತಲಿನಿಂದ ಬೆಳಕಿಗೆ ಬಂದರು. ಮುಖ ಚಿಕ್ಕದಾಗಿತ್ತು. "ನನ್ನ ಹೆಂಡ್ತಿ ಮನೆಗೆ ಬರ್ತಾ ಇರೋ ದಿನ ನಾನು ಸುಮ್ನೆ ನಿಂತು ನೋಡ್ಲಾ? ನನಗೆ ಬರೋದು ಇದೊಂದೇ ಕೆಲಸ ಅಲ್ವಾ?" ಎಂದರು. ಆದರೂ ನಾನು ಜಗ್ಗಲಿಲ್ಲ. ಅವರೂ ಜಗ್ಗಲಿಲ್ಲ. ಸಿಲಿಂಡರ್ ಗಾಡಿಯವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

ಆಗ ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಬಡಿದರು. ಒಂದೇ ಒಂದು. ಮತ್ತೆ ಒಳಗೆ ಹೋಗಲು ತಿರುಗಿದ ಮಾವ ಅಲ್ಲೇ ನಿಂತರು.

"ರೀ, ಈ ಸೀಟು ಹಿಂದಕ್ಕೆ ಒರಗಿದೆ, ನಾನು ಜಾರ್ತಾ ಇದ್ದೀನಿ. ಹಿಂದೆ ಕೂತು ನನ್ನ ಭುಜ ಗಟ್ಟಿಯಾಗಿ ಹಿಡ್ಕೊಳ್ಳಿ. ಗಾಡಿ ನೋಡ್ಕೊಳ್ಳೋಕೆ ಅವಳಿದ್ದಾಳೆ. ನನ್ನ ನೋಡ್ಕೊಳ್ಳೋರು ಯಾರು?"

ಅತ್ತೆ ಜಾರುತ್ತಿರಲಿಲ್ಲ. ದಿಂಬುಗಳನ್ನು ನಾನೇ ಇಟ್ಟಿದ್ದೆ, ಅಲುಗಾಡಲೂ ಜಾಗವಿರಲಿಲ್ಲ. ಆದರೆ ಮಾವ ಬಂದು ಹಿಂದಿನ ಸೀಟು ಹತ್ತಿ, ಎರಡೂ ಕೈಯಿಂದ ಹೆಂಡತಿಯ ಭುಜ ಹಿಡಿದರು. ನಾನು ರಿವರ್ಸ್ ಹಾಕಿದೆ. ಅಭ್ಯಾಸಬಲ, ಅವರು ಕತ್ತು ತಿರುಗಿಸಿ ಹಿಂದಿನ ಗಾಜಿನತ್ತ ನೋಡಿ ಬರ್ಲಿ ಎನ್ನಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು.

"ಏನೂ ಕಾಣಲ್ವಲ್ಲಮ್ಮ!"

"ಇಲ್ಲ ಮಾವ."

"ಆ ಹಾಸಿಗೆ ಎಲ್ಲಿ?"

"ಅಲ್ಲೇ ಇದೆ. ಇಲ್ಲಿಂದ ಕಾಣಲ್ಲ."

"ಹಾಗಾದ್ರೆ ನಾನು?"

"ನೀವೂ ಕಾಣ್ತಿರ್ಲಿಲ್ಲ."

"ಮತ್ತೆ ಹೇಗೆ ಬಿಡ್ತಿದ್ದೆ?"

"ನೀವು ಬರ್ಲಿ ಅಂತಿದ್ರಲ್ಲ."

ಮೆಲ್ಲಗೆ ಬ್ರೇಕ್ ಬಿಟ್ಟೆ. ಬಲಕ್ಕೆ ನಲ್ಲಿ ಬಂತು, ಎಡಕ್ಕೆ ಹೊಸ್ತಿಲು ಬಂತು. ಸೆನ್ಸರ್ ಹಾಕಿಸಿದಾಗಿನಿಂದ ಮೊದಲ ಸಲ ತೆಪ್ಪಗಿತ್ತು. ಹಾಸಿಗೆಯ ಹತ್ತಿರ ಬಂದಾಗ ಮಾತ್ರ, ಕೂಗಬೇಕಾದ ಹೊತ್ತಿಗೆ, ಕೀಂ ಎಂದಿತು. ನಿಲ್ಲಿಸಿದೆ. ಅತ್ತೆಯ ಬಾಗಿಲು ಹೊಸ್ತಿಲಿಗೆ ಸರಿಯಾಗಿ ಎದುರಿತ್ತು. ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಅಂಗೈಯನ್ನು ತೊಡೆಗೆ ಒರೆಸಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಮಾವ ನನ್ನ ಕೈಯನ್ನೇ ದಿಟ್ಟಿಸುತ್ತಿದ್ದರು.

"ಕೈ ಯಾಕೆ ಬೆವರಿದೆ? ಹಿಂದೆ ಯಾರೂ ಇರ್ಲಿಲ್ವಲ್ಲ."

"ನಿಮ್ಮಿಂದ ಅಭ್ಯಾಸ ಆಗ್ಬಿಟ್ಟಿದೆ ಮಾವ" ಎಂದೆ, ಇನ್ನೂ ಸಿಟ್ಟಿನಲ್ಲೇ. ಇಳಿದು ವಾಕರ್ ತಂದೆ.

ಅತ್ತೆಯನ್ನು ಮಂಚಕ್ಕೆ ಸೇರಿಸಿ, ಕಾಫಿ ಮಾಡಿಕೊಟ್ಟು, ನಾನೂ ಒಂದು ಲೋಟ ಹಿಡಿದು ಕೂತಾಗ ಸಂಜೆಯಾಗುತ್ತಿತ್ತು. ಮಾವನ ಕಾಫಿ ಆರಿ ತಣ್ಣಗಾಗಿತ್ತು. ಅವರು ಫೋನ್ ತೆಗೆದು ಯಾರಿಗೋ ಹಚ್ಚಿದರು. ಅವರು ಸ್ಪೀಕರ್ ಹಾಕದೆ ಯಾರ ಜೊತೆಗೂ ಮಾತಾಡಿದವರಲ್ಲ, ಹಾಗಾಗಿ ನಮಗೆಲ್ಲ ಕೇಳಿಸಿತು. ಆ ಕಡೆಯದು ವಯಸ್ಸಾದ, ಕರ್ಕಶವಾದ ದನಿ.

"ಏನೋ ಕಂಡಕ್ಟರ್, ಇಷ್ಟು ದಿನಕ್ಕೆ ನೆನಪಾಯ್ತಾ?"

"ಒಂದು ವಿಷಯ ಕೇಳ್ಬೇಕಿತ್ತು ಕಣೋ. ಆ ಗೋದಾಮಿನ ಸಂದೀಲಿ ಬಸ್ ಹಿಂದಕ್ಕೆ ಬಿಡೋವಾಗ ಕಿಟಕಿಯಿಂದ ತಲೆ ಹಾಕಿ ದಿನಾ ಏನೋ ಕೂಗ್ತಿದ್ದೆ ನೋಡು. ಏನು ಕೂಗ್ತಿದ್ದೆ?"

"ಇನ್ನೇನು ಕೂಗ್ತೀನಿ? ಪಕ್ಕಕ್ಕೆ ನಿಂತ್ಕೊಳ್ಳೋ, ಕಾಣ್ತಿಲ್ಲ ನೀನು ಅಂತ ಕೂಗ್ತಿದ್ದೆ. ಗಂಟಲು ಹರಿದುಹೋಗೋ ಹಾಗೆ ಕೂಗ್ತಿದ್ದೆ. ನೀನು ಎರಡು ಬಡೀತಿದ್ದೆ."

ನಾನು ಲೋಟದೊಳಗೆ ನೋಡುತ್ತ ಕೂತೆ. ಅತ್ತೆ ಮಂಚದಿಂದ ಮಾವನನ್ನೇ ನೋಡುತ್ತಿದ್ದರು. ಮಾವ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿಬಿಟ್ಟಿದ್ದರು. ಅಷ್ಟು ವರ್ಷ ಒಬ್ಬ ಮನುಷ್ಯನ ಭಯವನ್ನು ಹೇಡಿತನವೆಂದು ಆಡಿಕೊಂಡು ನಕ್ಕವರು ಈಗ ತಮ್ಮ ಇನ್ನೊಂದು ಅಂಗೈಯನ್ನು ತೊಡೆಗೆ ಒರೆಸಿಕೊಂಡರು.

"ಲೋ, ಲೈನಲ್ಲಿ ಇದ್ದೀಯೇನೋ?" ಎಂದಿತು ಫೋನು.

"ಇದ್ದೀನಿ ಕಣೋ" ಎಂದರು ಮಾವ. "ಇದ್ದೀನಿ."